ಕಾನೂನಿನಲ್ಲಿಲ್ಲದ ಕಳವು

ಜುಲೈ ಇಪ್ಪತ್ತೆರಡು, ಮಂಗಳವಾರ. ಬೆಳಿಗ್ಗೆ ಎಂಟೂಕಾಲಿಗೆ ವಿಶ್ವಪ್ರಿಯ ಎಂಬಾತ ಬಳ್ಳಾರಿಯ ಠಾಣೆಯ ಮೆಟ್ಟಿಲು ಹತ್ತಿದಾಗ ಇನ್‌ಸ್ಪೆಕ್ಟರ್ ಹೊನ್ನೂರಸ್ವಾಮಿಯವರ ಮೊದಲ ಚಹಾ ಇನ್ನೂ ಲೋಟದಲ್ಲೇ ಇತ್ತು. ಆಮೇಲೂ ಲೋಟದಲ್ಲೇ ಉಳಿಯಿತು. ಪೊಲೀಸರ ಚಹಾದ ಹಣೆಬರಹವೇ ಅಷ್ಟು.

ವಿಶ್ವಪ್ರಿಯನಿಗೆ ಮೂವತ್ತಮೂರು ವರ್ಷ. ಮೊಬೈಲಿನಲ್ಲಿ ಆಡುವ ಆಟಗಳನ್ನು ತಯಾರಿಸುವ ಸಣ್ಣ ಕಂಪನಿ ನಡೆಸುತ್ತಿದ್ದ. ಜೀನ್ಸ್ ಪ್ಯಾಂಟು ಹೊಲಿಯುವ ಯೂನಿಟ್ಟೊಂದರ ಮೇಲಂತಸ್ತಿನಲ್ಲಿ ಅವನ ಆಫೀಸು. ಬೆಳಗಿನ ಜಾವ ಅದಕ್ಕೆ ಬೆಂಕಿ ಬಿದ್ದಿತ್ತು. ಯಾರೋ ಷಟರಿನ ಬೀಗ ಕೊಯ್ದು ಒಳನುಗ್ಗಿ ಬೆಂಕಿ ಇಟ್ಟಿದ್ದಾರೆ ಎಂದು ದೂರಿನಲ್ಲಿ ಬರೆದಿದ್ದ. ಅನುಮಾನ ಯಾರ ಮೇಲೆ ಎಂಬುದನ್ನೂ ಬರೆದಿದ್ದ: ಜಯಶ್ರೀ, ತಂದೆ ಭೀಮರಾಜ, ಸಾಕಿನ್ ಸಿರುಗುಪ್ಪ. ತನ್ನ ಆಟದ ಕೆಳಗೆ ಆಕೆ ಹಾಕಿದ್ದ ಟೀಕೆಯನ್ನು ಮೊಬೈಲಿನಲ್ಲಿ ತೋರಿಸಿದ. 'ಕದ್ದ ಆಟ. ಇದಕ್ಕ ಬೆಂಕಿ ಹಚ್ಚಬೇಕು.'

ಆ ಹೆಸರು ಹೊನ್ನೂರಸ್ವಾಮಿಯವರಿಗೆ ಹೊಸದಾಗಿರಲಿಲ್ಲ. ಆದರೂ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ವಿರೂಪಾಕ್ಷಿ ಮತ್ತು ಮಹಿಳಾ ಕಾನ್‌ಸ್ಟೆಬಲ್ ಅಕ್ಷತಾ ಇಬ್ಬರನ್ನೂ ಕರೆದುಕೊಂಡು ಸ್ಥಳಕ್ಕೆ ಹೊರಟರು.

ಮೇಲಂತಸ್ತು ಇನ್ನೂ ಹೊಗೆಯಾಡುತ್ತಿತ್ತು. ಮುಂದಿನ ಹಾಲಿನಲ್ಲಿದ್ದ ಕಂಪ್ಯೂಟರುಗಳು ಕರಗಿ ಮೇಜಿಗೆ ಅಂಟಿಕೊಂಡಿದ್ದವು. ಹಿಂದಿನ ಸಣ್ಣ ಕೋಣೆಗೆ ಹೋಗುವ ಬಾಗಿಲಿನ ಮೇಲೆ ಚಾವಣಿಯ ಹಲಗೆಗಳು ಕುಸಿದಿದ್ದರಿಂದ ಅಗ್ನಿಶಾಮಕ ದಳದವರು ಅತ್ತ ಹೋಗಿರಲಿಲ್ಲ. ಕೆಳಗಿನ ಯೂನಿಟ್ಟಿನ ಕಟಿಂಗ್ ಮಾಸ್ಟರನ್ನೂ ಎದುರಿನ ಚಹಾ ಅಂಗಡಿಯವನನ್ನೂ ಪಂಚರನ್ನಾಗಿ ಕರೆದು ಪಂಚನಾಮೆ ಶುರು ಮಾಡಿದರು. ಹಲಗೆ ಎತ್ತಿದಾಗ ಒಬ್ಬ ಮನುಷ್ಯ ಕವುಚಿ ಬಿದ್ದಿದ್ದ. ಕೈಯ ಹತ್ತಿರ ಒಂದು ಪ್ಲಾಸ್ಟಿಕ್ ಬಕೆಟ್ಟು ಕರಗಿ ರೊಟ್ಟಿಯಷ್ಟಾಗಿತ್ತು.

ಕಾವಲುಗಾರ ಸುಂಕಣ್ಣ. ಕುರುಗೋಡಿನವನು. ಅವನು ಮಲಗುತ್ತಿದ್ದ ಆ ಹಿಂದಿನ ಕೋಣೆಯಿಂದ ಕೆಳಗಿಳಿಯಲು ಪ್ರತ್ಯೇಕ ಮೆಟ್ಟಿಲಿತ್ತು, ಅದರ ಕೀಲಿ ಅವನ ಉಡಿದಾರದಲ್ಲೇ ಇತ್ತು. ಅವನು ಆ ಕಡೆ ಓಡಿದ್ದರೆ ಬದುಕುತ್ತಿದ್ದ. ಬಕೆಟ್ ತುಂಬಿಕೊಂಡು ಬೆಂಕಿಯ ಕಡೆಗೇ ಬಂದಿದ್ದ. ಹೊನ್ನೂರಸ್ವಾಮಿ ಇಪ್ಪತ್ತು ವರ್ಷದ ನೌಕರಿಯಲ್ಲಿ ಸುಟ್ಟ ಹೆಣಗಳನ್ನು ಕಂಡಿದ್ದರು. ಈ ಬಕೆಟ್ಟನ್ನು ಮಾತ್ರ ಅವರಿಗೆ ನೋಡಲಾಗಲಿಲ್ಲ.

ಅವರ ಹಿಂದೆಯೇ ಬಂದಿದ್ದ ವಿಶ್ವಪ್ರಿಯ ಅವನ ಗುರುತು ಹಿಡಿದ. "ಇವ ಊರಿಗೆ ಹೋಗಿದ್ದನಲ್ಲ" ಎಂದ. ಎರಡು ಸಲ ಅಂದ. ಅಕ್ಷತಾ ಅವನಿಗೆ ನೀರು ಕೊಟ್ಟಳು.

ಮಧ್ಯಾಹ್ನದೊಳಗೆ ಊರೆಲ್ಲ ಸುದ್ದಿ ಹಬ್ಬಿತು. ಟೀವಿಯವರು 'ಆಟಕ್ಕಾಗಿ ಬಲಿ' ಎಂದು ಕೂಗತೊಡಗಿದರು. ಡಿವೈಎಸ್ಪಿ ಸಾಹೇಬರು ಫೋನು ಮಾಡಿ, ಹುಡುಗಿಯ ಹೆಸರಿದೆ, ಟೀಕೆ ಇದೆ, ಇನ್ನೇನು ಶುಭ ಮುಹೂರ್ತ ಕಾಯುತ್ತೀರಾ ಎಂದು ಕೇಳಿದರು. ಎರಡು ದಿನ ಕೊಡಿ ಎಂದು ಹೊನ್ನೂರಸ್ವಾಮಿ ಬೇಡಿಕೊಂಡರು. ಸಾಹೇಬರು ಕೊಟ್ಟರು, ಸಾಲ ಕೊಟ್ಟವರ ದನಿಯಲ್ಲಿ.

ಜೂನ್ ಮೊದಲ ವಾರದಲ್ಲಿ ಜಯಶ್ರೀ, ತನ್ನ ಆಟವನ್ನು ವಿಶ್ವಪ್ರಿಯ ಕದ್ದಿದ್ದಾನೆಂದು ಇದೇ ಠಾಣೆಗೆ ದೂರು ತಂದಿದ್ದಳು. ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ. ಮೂರು ವರ್ಷ ಸಂಜೆಗಳನ್ನೆಲ್ಲ ತೇದು ಒಂದು ಆಟ ಮಾಡಿ ಎಲ್ಲರಿಗೂ ಆಡಲು ಬಿಟ್ಟಿದ್ದಳು: ಕಾಲುವೆ, ತೂಬುಗಳು, ಗದ್ದೆಗಳು. ಆಡುವವರು ತೂಬು ತೆಗೆದು ಮುಚ್ಚುತ್ತ ನೀರು ಹರಿಸಬೇಕು. ತಮ್ಮ ಗದ್ದೆ ತುಂಬಿದರೆ ಗೆಲುವಿಲ್ಲ. ಕಾಲುವೆಯ ತುದಿಯಲ್ಲಿರುವ ಕಟ್ಟಕಡೆಯ ಗದ್ದೆಗೆ ನೀರು ಮುಟ್ಟಿದರೆ ಮಾತ್ರ ಗೆಲುವು. ಅವಳ ಅಪ್ಪ ಭೀಮರಾಜ ನೀರುಗಂಟಿ, ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವವನು. ಅವನು ಜೀವಮಾನವಿಡೀ ಮಾಡಿದ ಕೆಲಸವೇ ಆ ಆಟದ ಜೀವ.

ವಿಶ್ವಪ್ರಿಯನ ಆಟದಲ್ಲಿ ಗದ್ದೆಗಳಿರಲಿಲ್ಲ. ಜೀನ್ಸಿಗೆ ಬಣ್ಣ ಹಾಕುವ ತೊಟ್ಟಿಗಳು, ನಲ್ಲಿಗಳು, ನೀಲಿ ನೀರು. ಚಿತ್ರ ಬೇರೆ, ಹಾಡು ಬೇರೆ, ಹೆಸರು ಬೇರೆ. ಉಳಿದದ್ದೆಲ್ಲ ಒಂದೇ. ಕೆಂಚನಗುಡ್ಡದ ಕಡೆ ಏನು ಮಾಡಿದರೂ ಸೋರುವ ಒಂದು ಹಳೆಯ ತೂಬಿದೆಯಂತೆ; ಅಪ್ಪ ಅದನ್ನು ಬೈಯದ ದಿನವಿಲ್ಲವೆಂದು ಜಯಶ್ರೀ ಅದನ್ನೂ ಆಟದಲ್ಲಿ ಇಟ್ಟಿದ್ದಳು. ವಿಶ್ವಪ್ರಿಯನ ಆಟದಲ್ಲಿ ಅದೇ ಜಾಗದ ನಲ್ಲಿಯೂ ಸೋರುತ್ತಿತ್ತು. ಹೊಚ್ಚ ಹೊಸ ಕಾರ್ಖಾನೆಯ ನಲ್ಲಿ ಯಾಕೆ ಸೋರಬೇಕು?

ಹೊನ್ನೂರಸ್ವಾಮಿ ಆಗ ಸರ್ಕಾರಿ ವಕೀಲರ ಅಭಿಪ್ರಾಯ ಕೇಳಿದ್ದರು. ಚಿತ್ರಕ್ಕೆ ಒಡೆಯರಿದ್ದಾರೆ, ಸಂಗೀತಕ್ಕೆ ಇದ್ದಾರೆ, ಬರೆದ ಕೋಡಿಗೆ ಇದ್ದಾರೆ. ಆಡುವ ರೀತಿಗೆ ಒಡೆಯರಿಲ್ಲ, ಚದುರಂಗದ ಕುದುರೆಯ ನಡೆ ಯಾರಪ್ಪನ ಸೊತ್ತು ಎಂದು ಅವರು ಹೇಳಿದ್ದರು. ಬೇಕಾದರೆ ಸಿವಿಲ್ ಕೋರ್ಟಿನಲ್ಲಿ ವಾದಿಸಲಿ, ಪೊಲೀಸರಿಗೆ ಇಲ್ಲಿ ಕೆಲಸವಿಲ್ಲ. ಅದನ್ನೇ ಹಿಂಬರಹವಾಗಿ ಬರೆದು ಹುಡುಗಿಯ ಕೈಗೆ ಕೊಟ್ಟು ಕಳಿಸಿದ್ದರು. ಆವತ್ತು ವಿರೂಪಾಕ್ಷಿ ನಕ್ಕು ಅಂದಿದ್ದ, "ನಮ್ಮೂರಾಗ ಕಾಪಿ ಮಾಡೋದು ತಪ್ಪಂದ್ರ ಅರ್ಧ ಬಳ್ಳಾರಿ ಒಳಗ ಹಾಕಬೇಕಾಗ್ತೈತಿ ಸಾ." ಮಾತು ಸುಳ್ಳಲ್ಲ. ಪರದೇಶದ ಪ್ಯಾಂಟು ತಂದು, ಹೊಲಿಗೆ ಬಿಚ್ಚಿ, ಅದೇ ಅಳತೆಗೆ ಬಟ್ಟೆ ಕತ್ತರಿಸುವುದು ಈ ಊರಿನ ಅನ್ನ. ಪರರ ಲೇಬಲ್ ಅಂಟಿಸಿದರೆ ರೈಡು, ಬರಿಯ ಕಟಿಂಗಿಗೆ ಯಾರೂ ಕೇಳುವವರಿಲ್ಲ.

ಜಯಶ್ರೀ ನಕ್ಕಿರಲಿಲ್ಲ.

ಬುಧವಾರ ಬೆಳಿಗ್ಗೆ ಹೊನ್ನೂರಸ್ವಾಮಿ, ವಿರೂಪಾಕ್ಷಿ ಮತ್ತು ಅಕ್ಷತಾ ಸಿರುಗುಪ್ಪಕ್ಕೆ ಹೋದರು. ಮನೆಯಲ್ಲಿ ಬುದ್ಧನ ಪಟದ ಕೆಳಗೆ ಭೀಮರಾಜ ಕೂತಿದ್ದ, ಮಗಳು ಬಾಗಿಲ ಪಕ್ಕದಲ್ಲಿ ನಿಂತಿದ್ದಳು. ಓಣಿಯ ಜನವೆಲ್ಲ ಜೀಪಿನ ಸುತ್ತ ಸೇರಿದರು.

"ಸೋಮವಾರ ಸಂಜಿ ಎಲ್ಲಿದ್ದೆವ್ವ?"

"ಬಳ್ಳಾರಿಯಾಗ. ವಕೀಲರನ್ನ ನೋಡಾಕ ಬಂದಿದ್ದೆ. ಆಮ್ಯಾಲೆ ಆ ವಿಶ್ವಪ್ರಿಯ ಅವರ ಆಫೀಸಿನ ಮುಂದ ನಿಂತಿದ್ದೆ."

"ಯಾಕ?"

"ಮುಖ ನೋಡಿ ಕೇಳಬೇಕಂತ ಇತ್ತು ಸಾ. ಮೆಟ್ಟಿಲು ಹತ್ತಾಕ ಕಾಲು ಬರಲಿಲ್ಲ."

ರಾತ್ರಿ ಹಲಕುಂದಿಯಲ್ಲಿ ಸೋದರತ್ತೆ ಜೋಗಮ್ಮನ ಮನೆಯಲ್ಲಿ ಉಳಿದಿದ್ದಾಗಿ ಹೇಳಿದಳು. ಮೊಬೈಲಿನ ಚಾರ್ಜು ಮುಗಿದು ಬಂದ್ ಆಗಿತ್ತು. ಹಲಕುಂದಿ ಎಂದರೆ ಬಳ್ಳಾರಿಯ ಮಗ್ಗುಲಲ್ಲೇ. ಜೋಗಮ್ಮನಿಗೆ ಕಿವಿ ಮಂದ, ದೀಪ ಹಚ್ಚುವ ಹೊತ್ತಿಗೆ ನಿದ್ದೆ. ಅಂಥ ಸಾಕ್ಷಿಯನ್ನು ಕೋರ್ಟಿನಲ್ಲಿ ನಿಲ್ಲಿಸಿದರೆ ಎದುರು ಪಕ್ಷದ ವಕೀಲರು ಹಬ್ಬ ಮಾಡುತ್ತಾರೆ. ಬೆಂಕಿ ಹಚ್ಚಬೇಕು ಎಂದು ಬರೆದದ್ದು ಹೌದಾ ಎಂದರೆ ಹೌದು ಎಂದಳು. ನಮ್ಮ ಕಡೆ ಅನ್ನ ಸೀದರೂ ಹಾಗೆ ಅನ್ನುತ್ತೇವೆ ಎಂದಳು. ಅದೂ ನಿಜವೇ. ಅವಳು ಹೇಳಿದ ಒಂದೊಂದು ನಿಜವೂ ಅವಳ ಕೊರಳಿಗೇ ಸುತ್ತಿಕೊಳ್ಳುತ್ತಿತ್ತು.

ಹೊರಡುವಾಗ ಭೀಮರಾಜ ಜೀಪಿನವರೆಗೆ ಬಂದ. "ಸುಂಕಣ್ಣ ಸತ್ತದ್ದು ನನಗೂ ಹೊಟ್ಟಿ ಉರಿತೈತ್ರಿ" ಎಂದ. "ಆದ್ರ ಆಕಿ ಮಾಡಿಲ್ಲ. ಆಕಿನ್ನ ಒಮ್ಮಿ ಒಳಗ ಹಾಕಿದ್ರ, ಆಮ್ಯಾಲೆ ಬಿಟ್ರೂ ಬಿಟ್ಟಂಗ ಅಲ್ಲ. ನಿಮಗ ಗೊತ್ತೈತಿ."

ಗೊತ್ತಿತ್ತು. ಸಿರುಗುಪ್ಪದಂಥ ಊರಿನಲ್ಲಿ, ಅವರ ಓಣಿಯ ಹುಡುಗಿಗೆ, ಜೈಲಿನ ಗೇಟು ಒಂದೇ ಕಡೆಗೆ ತೆರೆಯುತ್ತದೆ. ದಾರಿಯಲ್ಲಿ ಮಾತು ತೆಗೆದದ್ದು ವಿರೂಪಾಕ್ಷಿ.

"ಸಾ, ಆ ಬೀಗ ಇನ್ನೊಮ್ಮಿ ನೋಡ್ರಿ" ಎಂದ. ಜಪ್ತು ಮಾಡಿದ ಬೀಗದ ಫೋಟೊ ಅವನ ಮೊಬೈಲಿನಲ್ಲಿತ್ತು. ಹಾಕಿದ ಬೀಗದ ಕೊಂಡಿಯನ್ನು ಕೊಯ್ದರೆ ಕೊಂಡಿಯ ತುಂಡು ಬೀಗದ ಹೊಟ್ಟೆಯಲ್ಲಿ ಸಿಕ್ಕಿಕೊಂಡೇ ಇರುತ್ತದೆ. ಇಲ್ಲಿ ಕೊಂಡಿಯ ತುದಿ ಬೀಗದಿಂದ ಹೊರಗೆ ಬಂದಿತ್ತು. ಯಾರೋ ಮೊದಲು ಕೀಲಿಯಿಂದ ಬೀಗ ತೆಗೆದು, ಆಮೇಲೆ ನಿಧಾನವಾಗಿ ಕೊಂಡಿ ಕೊಯ್ದಿದ್ದರು. ಸುಂಕಣ್ಣನ ಉಡಿದಾರದಲ್ಲಿ ಷಟರಿನ ಕೀಲಿ ಇರಲಿಲ್ಲ. ಅದು ವಿಶ್ವಪ್ರಿಯ ಒಬ್ಬನ ಬಳಿ ಮಾತ್ರ ಇತ್ತು.

ಹೊನ್ನೂರಸ್ವಾಮಿ ಜೀಪನ್ನು ಕುರುಗೋಡಿನ ಕಡೆಗೆ ತಿರುಗಿಸಲು ಹೇಳಿದರು.

ಮರಣೋತ್ತರ ಪರೀಕ್ಷೆ ಮುಗಿದು ಹಿಂದಿನ ಸಂಜೆಯೇ ಮಣ್ಣಾಗಿತ್ತು. ಸುಂಕಣ್ಣನ ಹೆಂಡತಿ ವಿರೂಪಮ್ಮ ಅಂಗಳದಲ್ಲಿ ಹೆಂಗಸರ ನಡುವೆ ಕೂತಿದ್ದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಅಕ್ಷತಾ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡ ಮೇಲೆ ಬಾಯಿ ಬಿಟ್ಟಳು.

"ಹಬ್ಬಕ್ಕೂ ಸೂಟಿ ಕೊಡ್ತಿರಲಿಲ್ಲರಿ. ಸೋಮವಾರ ಸಾಹೇಬ್ರ ಹೇಳಿದ್ರಂತ, ಊರಿಗೆ ಹೋಗು, ಬುಧವಾರ ಬಾ ಅಂತ. ಬಂದು ಉಂಡ. ಉಂಡವನ ಎದ್ದು, ಕರೆಂಟು ಹೋಗಿ ಬಂದು ಮಾಡ್ತೈತಿ, ಮಷೀನು ಸುಟ್ರ ಸಾಹೇಬ್ರು ಹಾಳಾಗ್ತಾರ ಅಂದ. ಕೊನಿ ಬಸ್ಸಿಗೆ ಹ್ವಾದ."

ಕಾವಲಿನವನಿಗೆ ತಾನೇ ರಜೆ ಕೊಟ್ಟ ಸಂಗತಿಯನ್ನು ವಿಶ್ವಪ್ರಿಯ ದೂರಿನಲ್ಲಿ ಬರೆದಿರಲಿಲ್ಲ. ವಿರೂಪಮ್ಮ ಇನ್ನೇನೂ ಕೇಳಲಿಲ್ಲ. ಗಂಡನಿಗೆ ಬಹಳ ಹೊತ್ತು ನೋವಾಯಿತೇ ಎಂದಷ್ಟೇ ಕೇಳಿದಳು. ಹೊಗೆಗೇ ಎಚ್ಚರ ತಪ್ಪಿದೆ ಎಂದು ಹೊನ್ನೂರಸ್ವಾಮಿ ಹೇಳಿದರು. ಡಾಕ್ಟರು ಹಾಗೆ ಹೇಳಿರಲಿಲ್ಲ.

ಬೀಗ, ರಜೆ, ಕೀಲಿ. ಮೂರೂ ಒಂದೇ ಕಡೆ ಬೆರಳು ಮಾಡಿದವು, ಆದರೆ ಯಾವುದೂ ವಿಶ್ವಪ್ರಿಯನನ್ನು ಆ ಹೊತ್ತಿಗೆ ಆ ಜಾಗದಲ್ಲಿ ನಿಲ್ಲಿಸುತ್ತಿರಲಿಲ್ಲ. ಬೆಂಕಿ ಹತ್ತಿದ್ದು ನಾಲ್ಕು ಗಂಟೆಯ ಸುಮಾರಿಗೆ. ಆಗ ಮನೆಯಲ್ಲಿ ನಿದ್ದೆಯಲ್ಲಿದ್ದೆ, ಐದೂಕಾಲಿಗೆ ಕೆಳಗಿನ ಕಟಿಂಗ್ ಮಾಸ್ಟರ್ ಫೋನು ಮಾಡಿದಾಗಲೇ ಎದ್ದದ್ದು ಎಂದು ವಿಶ್ವಪ್ರಿಯ ಹೇಳಿಕೆ ಕೊಟ್ಟಿದ್ದ. ಅದು ನಿಜವೇ ಎಂದು ನೋಡಿ ಬರಲು ಗುರುವಾರ ಬೆಳಿಗ್ಗೆ ಅವನಿಲ್ಲದ ಹೊತ್ತಿನಲ್ಲಿ ಹೊನ್ನೂರಸ್ವಾಮಿ ಸತ್ಯನಾರಾಯಣ ಪೇಟೆಯ ಅವನ ಮನೆಗೆ ಹೋದರು.

ತಂದೆ ಗುರುರಾಜ ನಿವೃತ್ತ ಹೆಡ್‌ಮಾಸ್ತರರು. ಊರಿನ ಅರ್ಧ ಗುಮಾಸ್ತರಿಗೆ ಕೈ ಹಿಡಿದು ಅಕ್ಷರ ತಿದ್ದಿಸಿದವರು. ಪರೀಕ್ಷೆಯಲ್ಲಿ ನಕಲು ಹೊಡೆಯುವವರ ಪಾಲಿಗೆ ಯಮ ಎಂದು ಹೆಸರು. ಗೋಡೆಯ ಮೇಲೆ ಮಗನಿಗೆ ಸನ್ಮಾನ ಮಾಡಿದ ಫೋಟೊ ಇತ್ತು, ಶಾಲು ಹೊದಿಸಿ ಹಾರ ಹಾಕಿದ್ದು. ಸ್ವಂತ ಬುದ್ಧಿಯಿಂದ ಮಾಡಿದ ಆಟ, ಯಾರ ಹಂಗೂ ಇಲ್ಲ ಎಂದು ಅವರು ಹೇಳಿದರು. ಏಳನೆಯ ತರಗತಿಯಲ್ಲಿ ಅವನು ಪಕ್ಕದವನ ಲೆಕ್ಕ ನೋಡಿ ಬರೆದಿದ್ದನಂತೆ. ಇವರೇ ಮಾಸ್ತರು. ಬೆಂಚಿನ ಮೇಲೆ ನಿಲ್ಲಿಸಿ, ಇಡೀ ತರಗತಿಯ ಮುಂದೆ 'ನಾನು ಕಳ್ಳ' ಎಂದು ಗಂಟೆ ಹೊಡೆಯುವವರೆಗೆ ಹೇಳಿಸಿದ್ದರಂತೆ. ಆವತ್ತಿನಿಂದ ಅವನು ಇನ್ನೊಬ್ಬರದನ್ನು ಮುಟ್ಟಿಲ್ಲ ಎಂದು ಹೇಳುವಾಗ ಮುದುಕರ ಮುಖ ಬೆಳಗುತ್ತಿತ್ತು.

ತಾಯಿ ಇಂದಿರಾಬಾಯಿ ನೀರು ತಂದಿಟ್ಟರು. ಮಂಗಳವಾರ ನಿದ್ದೆಯಲ್ಲಿದ್ದಾಗ ಇಂಥ ಸುದ್ದಿ ಬಂದು ಮಗ ಬಹಳ ಗಾಬರಿಯಾಗಿರಬೇಕು ಎಂದು ಹೊನ್ನೂರಸ್ವಾಮಿ ಸಹಜವಾಗಿ ಅಂದರು.

"ನಿದ್ದಿ ಎಲ್ಲೀದ್ರೀ?" ಎಂದರು ಆಕೆ. "ಮಂಗಳವಾರ ದ್ವಾದಶಿ ಇತ್ತಲ್ಲ. ಏಕಾದಶಿ ಉಪವಾಸ ಮಾಡಿದವರು ಬೆಳಗಾಗೂದರಾಗ ಪಾರಣಿ ಮಾಡಬೇಕು. ಮೂರೂವರಿಗೆ ಎದ್ದು ಅಡಗಿಗೆ ಇಟ್ಟೀನಿ, ಇವರದು ಪೂಜಾ ನಡದಿತ್ತು. ಅವತ್ತು ನಮ್ಮ ಮನ್ಯಾಗ ಯಾರೂ ಮಲಗೂದಿಲ್ಲ."

"ವಿಶ್ವಪ್ರಿಯ ಅವರು?"

"ಹೂವು ತರಲಿಕ್ಕೆ ಹೋಗಿದ್ದ. ಬಂದವನ ಸ್ನಾನ ಮಾಡಿ, ತನ್ನ ಅಂಗಿ ತಾನ ಒಗದು ಹಾಕಿದ."

"ಹೂವು ತಂದಿದ್ರಾ?"

ಇಂದಿರಾಬಾಯಿ ಸ್ವಲ್ಪ ಯೋಚಿಸಿದರು. "ಇಲ್ಲ ನೋಡ್ರಿ. ಅಂಗಡಿ ತಗದಿರಲಿಲ್ಲ ಅಂದ."

ಗುರುರಾಜ ಹೆಂಡತಿಯ ಕಡೆ ನೋಡಿದರು, ಆಮೇಲೆ ಇನ್‌ಸ್ಪೆಕ್ಟರ್ ಕಡೆ ನೋಡಿದರು. ನೆರಳಿನಲ್ಲಿ ಕೂತು ಕಾಪಿ ಹೊಡೆಯುವವನನ್ನು ದೂರದಿಂದಲೇ ಹಿಡಿಯುತ್ತಿದ್ದ ಕಣ್ಣು ಅವರದು. ಸುಳ್ಳು ಹೇಳುವವರು ಗಡಿಯಾರ ನೋಡುತ್ತಾರೆ, ಪಂಚಾಂಗ ನೋಡುವುದಿಲ್ಲ. ನಾಲ್ಕು ಗಂಟೆಗೆ ಲೋಕವೆಲ್ಲ ಮಲಗಿರುತ್ತದೆ ಎಂದು ಪೊಲೀಸರ ಮುಂದೆ ಹೇಳಿದವನು ತನ್ನ ಮನೆಯ ದ್ವಾದಶಿಯನ್ನೇ ಮರೆತಿದ್ದ.

ಉಳಿದ ಕೆಲಸ ಸರಸರನೆ ಮುಗಿಯಿತು. ಹಿತ್ತಲ ತಂತಿಯ ಮೇಲಿದ್ದ ಅಂಗಿಯ ತೋಳಿನಲ್ಲಿ ಸುಟ್ಟ ತೂತುಗಳಿದ್ದವು. ಸ್ಕೂಟರಿನ ಸೀಟಿನ ಕೆಳಗೆ ಲೋಹ ಕೊಯ್ಯುವ ಗರಗಸದ ಬ್ಲೇಡು ಸಿಕ್ಕಿತು. ಕೆಳಗಿನ ಯೂನಿಟ್ಟಿನಲ್ಲಿ ಕಲೆ ತೆಗೆಯಲು ಇಟ್ಟಿದ್ದ ಥಿನ್ನರಿನ ಡಬ್ಬಿ ಒಂದು ಕಡಿಮೆ ಇದೆ ಎಂದು ಕಟಿಂಗ್ ಮಾಸ್ಟರ್ ಹೇಳಿದ. ಔಷಧಿ ಅಂಗಡಿಯೊಂದರ ಕ್ಯಾಮೆರಾದಲ್ಲಿ ಆ ಹೊತ್ತಿಗೆ ಸ್ಕೂಟರು ಹೋದದ್ದೂ ಬಂದದ್ದೂ ದಾಖಲಾಗಿತ್ತು. ಮಧ್ಯಾಹ್ನ ವಿಶ್ವಪ್ರಿಯನನ್ನು ಠಾಣೆಗೆ ಕರೆಸಿ ಇವನ್ನೆಲ್ಲ ಮೇಜಿನ ಮೇಲೆ ಇಟ್ಟಾಗ ಅವನು ಒಮ್ಮೆಯೂ ಇಲ್ಲ ಅನ್ನಲಿಲ್ಲ.

ಜುಲೈ ಹತ್ತರ ಸುಮಾರಿಗೆ ಜಯಶ್ರೀಯ ವಕೀಲರಿಂದ ಅವನಿಗೆ ನೋಟೀಸು ಬಂದಿತ್ತು. ಆಟ ತಯಾರಿಸಿದ ಕಂಪ್ಯೂಟರುಗಳನ್ನು ಹಾಗೆಯೇ ಇಡಬೇಕು, ಕೋರ್ಟು ಅವನ್ನು ಪರೀಕ್ಷೆಗೆ ಕಳಿಸುತ್ತದೆ ಎಂದು ಅದರಲ್ಲಿತ್ತು. ಅವಳ ಆಟದ ಪ್ರತಿಯೊಂದು ಹಂತವನ್ನೂ ವಿಡಿಯೊ ಮಾಡಿ, ಪ್ರಿಂಟು ತೆಗೆದು ಗೋಡೆಗೆ ಅಂಟಿಸಿಕೊಂಡು, ನೋಡಿ ನೋಡಿ ತನ್ನದನ್ನು ಮಾಡಿದ್ದ. ಅಳಿಸಿದರೂ ಪೊಲೀಸರು ವಾಪಸು ತೆಗೆಯುತ್ತಾರೆ ಎಂದು ಎಲ್ಲೋ ಕೇಳಿದ್ದ. ಸುಟ್ಟರೆ ಉಳಿಯುವುದಿಲ್ಲ; ಸುಟ್ಟವಳು ಅವಳೇ ಎಂದರೆ ಲೋಕವೂ ನಂಬುತ್ತದೆ. ಸುಂಕಣ್ಣನಿಗೆ ಕೇಡಾಗಬಾರದೆಂದೇ ಊರಿಗೆ ಕಳಿಸಿದ್ದಾಗಿ ಹೇಳಿ ಅತ್ತ. ಆ ಅಳು ನಾಟಕವಾಗಿರಲಿಲ್ಲ.

ಕೊನೆಗೆ ಕಣ್ಣೊರೆಸಿಕೊಂಡು ಕೇಳಿದ, "ಬೆಂಕಿಗೆ ಎಷ್ಟು, ಸುಂಕಣ್ಣಂದಕ್ಕ ಎಷ್ಟು ಅಂತ ನನಗ ಗೊತ್ತದರಿ. ಆಟ ನಕಲು ಮಾಡಿದ್ದಕ್ಕ ಎಷ್ಟು ವರ್ಷ?"

"ಅದಕ್ಕ ಶಿಕ್ಷೆ ಇಲ್ಲ."

ಅವನಿಗೆ ಅರ್ಥವಾಗಲಿಲ್ಲ.

"ಅದು ಅಪರಾಧನ ಅಲ್ಲ" ಎಂದರು ಹೊನ್ನೂರಸ್ವಾಮಿ. "ಜೂನ್‌ದಾಗ ಆ ಹುಡುಗಿ ಬಂದಾಗ ನಾನ ಬರದು ಕೊಟ್ಟೀನಿ. ಕೋಡು ನಿನ್ನದು, ಚಿತ್ರ ನಿನ್ನದು. ಇನ್ನ ಹತ್ತು ನೋಟೀಸು ಬಂದಿದ್ರೂ ನಿನ್ನ ಯಾರೂ ಏನೂ ಮಾಡಾಕ ಆಗ್ತಿರಲಿಲ್ಲ."

ವಿಶ್ವಪ್ರಿಯ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡ. ಹಿಂಬರಹದ ಒಂದು ಪ್ರತಿಯನ್ನು ಎದುರುದಾರನಿಗೂ ಕಳಿಸುವ ಪದ್ಧತಿ ಠಾಣೆಯಲ್ಲಿ ಇರಲಿಲ್ಲ. ಇದ್ದಿದ್ದರೆ ಕುರುಗೋಡಿನಲ್ಲಿ ಒಬ್ಬ ಮನುಷ್ಯ ಇನ್ನೂ ಉಣ್ಣುತ್ತಿದ್ದ. ಆ ವಿಚಾರ ಹೊನ್ನೂರಸ್ವಾಮಿಯವರನ್ನು ಒಳಗೊಳಗೇ ಕೊರೆಯಿತು.

ಸಂಜೆ ಐದೂವರೆಗೆ ದಸ್ತಗಿರಿ ಮೆಮೊ ತಯಾರಾಯಿತು. ಕಟ್ಟಡಕ್ಕೆ ಬೆಂಕಿ, ಸಾಕ್ಷ್ಯನಾಶ, ಕೊಲೆಯಲ್ಲದ ನರಹತ್ಯೆ, ಸುಳ್ಳು ದೂರು. ಹತ್ತಿರದ ಸಂಬಂಧಿಕರು ಸಹಿ ಹಾಕಬೇಕು. ಗುರುರಾಜ ಇಸ್ತ್ರಿಯ ಪಂಚೆಯುಟ್ಟು ಬಂದರು. ಲಾಕಪ್ಪಿನ ಕಡೆ ನೋಡಲಿಲ್ಲ. ಪೆನ್ನು ಹಿಡಿದು, ಕಾಗದದ ಮೇಲೆ ಕಣ್ಣಿಟ್ಟು ಒಂದೇ ಪ್ರಶ್ನೆ ಕೇಳಿದರು.

"ಆಟ ನಕಲು ಮಾಡಿದ್ದು ಖರೇ ಏನ್ರಿ?"

ಸುಂಕಣ್ಣನ ಹೆಸರು ಅವರ ಬಾಯಲ್ಲಿ ಬರಲಿಲ್ಲ. ಹೊನ್ನೂರಸ್ವಾಮಿಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಎಲ್ಲ ಅರ್ಥವಾಯಿತು. ವಿಶ್ವಪ್ರಿಯ ಹೆದರಿದ್ದು ಕೋರ್ಟಿಗಲ್ಲ. ಮೂವತ್ತಮೂರು ವರ್ಷದವನಾದರೂ ಅವನು ಇನ್ನೂ ಆ ಬೆಂಚಿನ ಮೇಲೇ ನಿಂತಿದ್ದ. ಲಾಕಪ್ಪಿನ ಕಂಬಿಯ ಹಿಂದಿನಿಂದ ಅವನು ಅಪ್ಪನನ್ನೇ ನೋಡುತ್ತಿದ್ದ. ಖರೆ ಎಂದು ಹೊನ್ನೂರಸ್ವಾಮಿ ಹೇಳಿದರು. ಗುರುರಾಜ ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿ, ಹಿಂದಿರುಗಿ ನೋಡದೆ ಹೊರಟುಹೋದರು.

ಶುಕ್ರವಾರ ಹೊನ್ನೂರಸ್ವಾಮಿ ತಾವೇ ಸಿರುಗುಪ್ಪಕ್ಕೆ ಹೋದರು. ಫೋನಿನಲ್ಲಿ ಹೇಳಬಹುದಿತ್ತು, ಜೀಪು ಬಂದು ಬರಿಗೈಲಿ ಹೋಗುವುದನ್ನು ಓಣಿ ಕಣ್ಣಾರೆ ನೋಡಲಿ ಎಂದು ಹೋದರು. ಪ್ರಕರಣದಿಂದ ಹೆಸರು ತೆಗೆದಿದೆ ಎಂದು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ಭೀಮರಾಜ ಕೈಮುಗಿದ. ಜಯಶ್ರೀ ಎಲ್ಲವನ್ನೂ ಕೇಳಿದಳು: ನೋಟೀಸು, ಬೆಂಕಿ, ಬಕೆಟ್ಟು, ಅವನು ಕೇಳಿದ ಪ್ರಶ್ನೆ.

"ನೀವು ತಪ್ಪಲ್ಲ ಅಂದ್ರಿ. ವಕೀಲರು ಅಂದ್ರು, ಊರು ಅಂತು" ಎಂದಳು. "ತಪ್ಪು ಅಂತ ಅನ್ನಿಸಿದ್ದು ನನ್ನ ಬಿಟ್ರ ಆ ವಿಶ್ವಪ್ರಿಯ ಒಬ್ಬರಿಗೇ. ಅದನ್ನ ಬಂದು ನನಗ ಒಂದು ಮಾತು ಹೇಳಿದ್ರ ಸಾಕಿತ್ತು ಸಾ. ನಾನು ಬ್ಯಾರೆ ಏನೂ ಕೇಳಿರಲಿಲ್ಲ."

ಹೊನ್ನೂರಸ್ವಾಮಿ ಅವಳಿಗೆ ಕೈಮುಗಿದು ಜೀಪು ಹತ್ತಿದರು.